ಕಾರಿನ ಶೀತಲೀಕರಣ ವ್ಯವಸ್ಥೆ ಮತ್ತು ಗೇರ್ ಅನುಪಾತಗಳ ಮಾರ್ಪಾಡು

ಕಾರಿನ ಶೀತಲೀಕರಣ ವ್ಯವಸ್ಥೆ ಮತ್ತು ಗೇರ್ ಅನುಪಾತಗಳ ಮಾರ್ಪಾಡು ಎಂದರೆ ತಯಾರಕರು ಅಳವಡಿಸಿದ ರೇಡಿಯೇಟರ್, ಫ್ಯಾನ್, ಕೂಲೆಂಟ್, ಆಯಿಲ್ ಕೂಲರ್ ಮೊದಲಾದವುಗಳನ್ನು ಹಾಗೂ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳ ಹಲ್ಲುಚಕ್ರಗಳ ಅನುಪಾತಗಳನ್ನು ಕಾರಿನ ಹೊಸ ಬಳಕೆಗೆ ತಕ್ಕಂತೆ ಬದಲಾಯಿಸುವ ಕೆಲಸ. ಪಂದ್ಯದ ಕಾರುಗಳಲ್ಲಿ, ರ‍್ಯಾಲಿ ಕಾರುಗಳಲ್ಲಿ ಮತ್ತು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದ ರಸ್ತೆ ಕಾರುಗಳಲ್ಲಿ ಈ ಎರಡೂ ಮಾರ್ಪಾಡುಗಳು ಸಾಮಾನ್ಯ. ಕಾರ್ಯಾಗಾರಗಳಲ್ಲಿ ಇವನ್ನು ಬೇರೆ ಬೇರೆ ಕೆಲಸಗಳೆಂದು ಎಣಿಸುವ ರೂಢಿಯಿದ್ದರೂ ಎಂಜಿನಿಯರಿಂಗ್ ದೃಷ್ಟಿಯಿಂದ ಇವು ಒಂದೇ ಲೆಕ್ಕದ ಎರಡು ಭಾಗಗಳು. ಎಂಜಿನ್ ಎಷ್ಟು ಉಷ್ಣವನ್ನು ಹೊರಹಾಕುತ್ತದೆ ಎಂಬುದು ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಆ ಉಷ್ಣವನ್ನು ಸಾಗಿಸುವ ನೀರಿನ ಪ್ರವಾಹ ಎಂಜಿನ್ನಿನ ಸುತ್ತುಗಳನ್ನೂ, ಗಾಳಿಯ ಪ್ರವಾಹ ಕಾರಿನ ವೇಗವನ್ನೂ ಅವಲಂಬಿಸಿವೆ. ಸುತ್ತು ಮತ್ತು ವೇಗಗಳ ನಡುವಿನ ಸಂಬಂಧವನ್ನು ನಿರ್ಧರಿಸುವುದು ಗೇರ್ ಅನುಪಾತ. ಈ ಸಂಬಂಧವನ್ನು ಗಮನಿಸದೆ ಒಂದನ್ನು ಮಾತ್ರ ಬದಲಾಯಿಸಿದ ಕಾರುಗಳಲ್ಲಿ ಹೆಡ್ ಗ್ಯಾಸ್ಕೆಟ್ ಸುಡುವುದು, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗುವುದು, ಕ್ಲಚ್ ಸವೆಯುವುದು ಮುಂತಾದ ಹಾನಿಗಳು ಕಂಡುಬರುತ್ತವೆ.

ಉಷ್ಣದ ಲೆಕ್ಕ

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸವಾಗಿ ಮಾರ್ಪಡುತ್ತದೆ. ಇನ್ನೊಂದು ಭಾಗ ಸೈಲೆನ್ಸರಿನ ಮೂಲಕ ಬಿಸಿ ಅನಿಲವಾಗಿ ಹೊರಹೋಗುತ್ತದೆ. ಉಳಿದುದರಲ್ಲಿ ಬಹುಪಾಲು ಸಿಲಿಂಡರಿನ ಗೋಡೆ ಮತ್ತು ಹೆಡ್‌ಗಳ ಮೂಲಕ ಕೂಲೆಂಟಿಗೆ, ಸ್ವಲ್ಪ ಭಾಗ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಪೂರ್ಣ ಶಕ್ತಿಯಲ್ಲಿ 90 ಕಿಲೋವ್ಯಾಟ್ ನೀಡುವ ಎಂಜಿನ್ ಸುಮಾರು 50ರಿಂದ 60 ಕಿಲೋವ್ಯಾಟ್ ಉಷ್ಣವನ್ನು ಕೂಲೆಂಟಿಗೆ ಕೊಡುತ್ತದೆ ಎಂದು ಅಂದಾಜಿಸಬಹುದು. ಅದೇ ಎಂಜಿನ್ನಿಗೆ ಟರ್ಬೊ ಒತ್ತಡ ಹೆಚ್ಚಿಸಿ 120 ಕಿಲೋವ್ಯಾಟ್ ಪಡೆದರೆ, ಹೊರಹಾಕಬೇಕಾದ ಉಷ್ಣವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ, ಅಂದರೆ ಮೂರನೆಯ ಒಂದು ಪಾಲಿನಷ್ಟು, ಹೆಚ್ಚುತ್ತದೆ. ರೇಡಿಯೇಟರ್ ಮಾತ್ರ ಹಳೆಯದೇ ಇರುತ್ತದೆ.

ಕೂಲೆಂಟ್ ಈ ಉಷ್ಣವನ್ನು ಹೊರುವ ವಾಹಕ. ಶುದ್ಧ ನೀರಿನ ವಿಶಿಷ್ಟೋಷ್ಣ ಪ್ರತಿ ಕಿಲೋಗ್ರಾಂಗೆ ಪ್ರತಿ ಡಿಗ್ರಿಗೆ 4.18 ಕಿಲೋಜೂಲ್. ಪ್ರತಿ ಸೆಕೆಂಡಿಗೆ 2 ಲೀಟರ್ ನೀರು ಹರಿಯುತ್ತಿದ್ದು ಅದು 60 ಕಿಲೋವ್ಯಾಟ್ ಉಷ್ಣವನ್ನು ಹೊತ್ತರೆ, ಎಂಜಿನ್ನಿನ ಒಳಗೆ ಹೋಗುವ ಮತ್ತು ಹೊರಬರುವ ನೀರಿನ ಉಷ್ಣತೆಯ ವ್ಯತ್ಯಾಸ ಸುಮಾರು 7 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಸಮಭಾಗದ ಮಿಶ್ರಣದಲ್ಲಿ ವಿಶಿಷ್ಟೋಷ್ಣ ಕಡಿಮೆ ಇರುವುದರಿಂದ ಇದೇ ವ್ಯತ್ಯಾಸ 8 ಡಿಗ್ರಿಯನ್ನು ಮೀರುತ್ತದೆ. ಉಷ್ಣವನ್ನು ಹೊರುವ ಶಕ್ತಿಯಲ್ಲಿ ಸಾದಾ ನೀರೇ ಉತ್ತಮ. ಗ್ಲೈಕಾಲ್ ಬೆರೆಸುವುದು ಕುದಿಬಿಂದುವನ್ನು ಏರಿಸಲು, ಚಳಿಪ್ರದೇಶಗಳಲ್ಲಿ ಹೆಪ್ಪುಗಟ್ಟುವುದನ್ನು ತಡೆಯಲು ಮತ್ತು ಅದರೊಡನೆ ಬರುವ ರಾಸಾಯನಿಕಗಳಿಂದ ತುಕ್ಕನ್ನು ತಡೆಯಲು.

ರೇಡಿಯೇಟರ್‌ನಲ್ಲಿ ಈ ಉಷ್ಣ ಗಾಳಿಗೆ ವರ್ಗವಾಗಬೇಕು. ಕಾಲು ಚದರ ಮೀಟರ್ ಮುಖವಿಸ್ತಾರದ ರೇಡಿಯೇಟರ್ ಮೂಲಕ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಗಾಳಿ ಹಾದುಹೋದರೆ, ದಖ್ಖನ್ ಪ್ರಸ್ಥಭೂಮಿಯ ಎತ್ತರದಲ್ಲಿ ಅದರ ತೂಕ ಸೆಕೆಂಡಿಗೆ ಸುಮಾರು 2.1 ಕಿಲೋಗ್ರಾಂ. 60 ಕಿಲೋವ್ಯಾಟ್ ಉಷ್ಣವನ್ನು ಪಡೆದ ಈ ಗಾಳಿ 28 ಡಿಗ್ರಿಯಷ್ಟು ಬಿಸಿಯೇರುತ್ತದೆ. ಹೊರಗಿನ ಗಾಳಿ 35 ಡಿಗ್ರಿ ಇದ್ದರೆ ರೇಡಿಯೇಟರಿನ ಹಿಂಬದಿಯಲ್ಲಿ ಅದು 63 ಡಿಗ್ರಿ ಇರುತ್ತದೆ. ಬಿಸಿ ಗಾಳಿ ಹೊರಹೋಗಲು ಬಾನೆಟ್ಟಿನ ಕೆಳಗೆ ಸರಾಗ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನ ಅಲ್ಪ.

ಕುದಿಬಿಂದು ಮತ್ತು ಒತ್ತಡದ ಮುಚ್ಚಳ

ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 600 ಮೀಟರ್ ಎತ್ತರದಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದುದರಿಂದ ಆಧುನಿಕ ಕಾರುಗಳಲ್ಲಿ ಶೀತಲೀಕರಣ ವ್ಯವಸ್ಥೆಯನ್ನು ಒತ್ತಡದಲ್ಲಿ ಮುಚ್ಚಿಡಲಾಗುತ್ತದೆ. ರೇಡಿಯೇಟರಿನ ಅಥವಾ ಎಕ್ಸ್‌ಪಾನ್ಷನ್ ಟ್ಯಾಂಕಿನ ಮುಚ್ಚಳದಲ್ಲಿರುವ ಸ್ಪ್ರಿಂಗ್ ಕವಾಟ ಹೊರಗಿನ ವಾಯುಒತ್ತಡಕ್ಕಿಂತ ಸುಮಾರು 1.1 ಬಾರ್ ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ. ಇದರಿಂದ ಸಾದಾ ನೀರಿನ ಕುದಿಬಿಂದು 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಸಮಭಾಗದ ಗ್ಲೈಕಾಲ್ ಮಿಶ್ರಣದ್ದು ಇನ್ನೂ ಕೆಲವು ಡಿಗ್ರಿ ಮೇಲೆ ಹೋಗುತ್ತದೆ.

ಈ ಚಿಕ್ಕ ಮುಚ್ಚಳ ವ್ಯವಸ್ಥೆಯ ಅತ್ಯಂತ ಅಗ್ಗದ ಭಾಗ. ಅದರ ರಬ್ಬರ್ ಬಿರುಕುಬಿಟ್ಟರೆ ಕುದಿಬಿಂದು ಸುಮಾರು 20 ಡಿಗ್ರಿ ಇಳಿಯುತ್ತದೆ, ಆಗ ದುಬಾರಿ ರೇಡಿಯೇಟರೂ ನಿಷ್ಫಲ. ನೀರು ಕುದಿದಾಗ ಹೆಡ್ಡಿನೊಳಗೆ ಆವಿಯ ಪದರ ಉಂಟಾಗುತ್ತದೆ. ಆವಿ ಉಷ್ಣವನ್ನು ಸರಿಯಾಗಿ ಒಯ್ಯಲಾರದು, ಲೋಹದ ಆ ಭಾಗ ಮಾತ್ರ ವಿಪರೀತ ಕಾದು ಬಾಗುತ್ತದೆ. ಎಂಜಿನ್ ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆದರೆ ಒತ್ತಡ ಏಕಾಏಕಿ ಇಳಿದು 100 ಡಿಗ್ರಿಗಿಂತ ಮೇಲಿದ್ದ ನೀರು ಆವಿಯಾಗಿ ಚಿಮ್ಮುತ್ತದೆ. ಮುಖ ಮತ್ತು ಕೈಗಳು ತೀವ್ರವಾಗಿ ಸುಟ್ಟುಕೊಳ್ಳುವ ಅಪಘಾತಗಳಿಗೆ ಇದು ಕಾರಣ. ಎಂಜಿನ್ ನಿಲ್ಲಿಸಿ, ಮೇಲಿನ ಹೋಸ್ ಪೈಪ್ ಕೈಗೆ ಮೆತ್ತಗೆನಿಸುವಷ್ಟು ತಣಿದ ಮೇಲಷ್ಟೇ ಮುಚ್ಚಳವನ್ನು ತೆಗೆಯಬೇಕು.

ಶೀತಲೀಕರಣದ ಮಾರ್ಪಾಡುಗಳು

ಹಳೆಯ ಕಾರುಗಳಲ್ಲಿ ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರ್‌ಗಳಿದ್ದವು, ಈಗ ಅಲ್ಯೂಮಿನಿಯಂ ಬಳಕೆ ಸಾರ್ವತ್ರಿಕ. ತಾಮ್ರದ ಉಷ್ಣವಾಹಕತೆ ಹೆಚ್ಚಾದರೂ ಬೆಸುಗೆಯ ಸೀಸ ಮತ್ತು ಒಟ್ಟು ತೂಕಗಳನ್ನು ಎಣಿಸಿದಾಗ ಅಗಲವಾದ ಕೊಳವೆಗಳ ಅಲ್ಯೂಮಿನಿಯಂ ರೇಡಿಯೇಟರ್ ಲಾಭದಾಯಕ. ಮಾರ್ಪಾಡು ಮಾಡುವವರು ಸಾಮಾನ್ಯವಾಗಿ ದಪ್ಪನೆಯ ರೇಡಿಯೇಟರ್ ಆರಿಸುತ್ತಾರೆ. ದಪ್ಪ ಹೆಚ್ಚಿದಷ್ಟೂ ಗಾಳಿಗೆ ಅಡ್ಡಿ ಹೆಚ್ಚು. ಹಿಂದಿನ ಸಾಲಿನ ಕೊಳವೆಗಳಿಗೆ ಮುಂದಿನ ಸಾಲು ಈಗಾಗಲೇ ಬಿಸಿಮಾಡಿದ ಗಾಳಿ ಸಿಗುತ್ತದೆ. ಜಾಗವಿದ್ದಲ್ಲಿ ದಪ್ಪಕ್ಕಿಂತ ಮುಖವಿಸ್ತಾರವನ್ನು ಹೆಚ್ಚಿಸುವುದು ಮೇಲು.

ಬಂಪರಿನ ತೆರಪಿನಿಂದ ರೇಡಿಯೇಟರಿನವರೆಗೆ ಗಾಳಿ ಸೋರಿಹೋಗದಂತೆ ತಗಡು ಅಥವಾ ಪ್ಲಾಸ್ಟಿಕ್ ಹಾಳೆಗಳಿಂದ ಮುಚ್ಚಿ ಹಾದಿ ಮಾಡುವುದು ಅಗ್ಗವಾದರೂ ಅತಿ ಫಲಪ್ರದ ಮಾರ್ಪಾಡು. ಗಾಳಿ ಸದಾ ಅಡ್ಡಿ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ರೇಡಿಯೇಟರಿನ ಸುತ್ತ ಎರಡು ಬೆರಳಿನಷ್ಟು ಸಂದಿಯಿದ್ದರೂ ಗಣನೀಯ ಪಾಲು ಅತ್ತ ನುಸುಳಿಬಿಡುತ್ತದೆ. ಫ್ಯಾನ್‌ಗೆ ಸುತ್ತುಕವಚ ಇಲ್ಲದಿದ್ದರೆ ಅದು ತನ್ನ ಅಲಗುಗಳ ಎದುರಿನ ವೃತ್ತಕ್ಕೆ ಮಾತ್ರ ಗಾಳಿ ಎಳೆಯುತ್ತದೆ.

ಥರ್ಮೋಸ್ಟಾಟ್ ಕುರಿತು ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯುವ ಈ ಕವಾಟವನ್ನು ತೆಗೆದುಹಾಕಿದರೆ ಅಥವಾ ಇನ್ನೂ ಕಡಿಮೆ ಉಷ್ಣತೆಯದನ್ನು ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ ಅನೇಕ ಗ್ಯಾರೇಜುಗಳಲ್ಲಿದೆ. ಪೂರ್ತಿ ತೆರೆದ ಮೇಲೆ ಥರ್ಮೋಸ್ಟಾಟಿನ ಕೆಲಸ ಮುಗಿಯಿತು, ಅದರಾಚೆಗಿನ ಉಷ್ಣತೆಯನ್ನು ನಿರ್ಧರಿಸುವುದು ರೇಡಿಯೇಟರಿನ ಸಾಮರ್ಥ್ಯ. ಅದನ್ನು ತೆಗೆದ ಕಾರು ಬೆಳಗಿನ ಹೊತ್ತು ಕಾಯಲು ತಡಮಾಡುತ್ತದೆ, ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಮೊದಲಿನಂತೆಯೇ ಹೀಟ್ ಆಗುತ್ತದೆ.

ಎಂಜಿನ್ನಿನ ಬೆಲ್ಟ್ ಅಥವಾ ಸರಪಳಿಯಿಂದ ತಿರುಗುವ ನೀರಿನ ಪಂಪು ಕೂಲೆಂಟನ್ನು ಹೆಚ್ಚುಕಡಿಮೆ ಸುತ್ತುಗಳ ಅನುಪಾತದಲ್ಲೇ ಹರಿಸುತ್ತದೆ. ಅತಿ ಹೆಚ್ಚು ಸುತ್ತುಗಳಲ್ಲಿ ಪಂಪಿನ ಅಲಗುಗಳ ಹಿಂದೆ ಒತ್ತಡ ಕುಸಿದು ಆವಿಗುಳ್ಳೆಗಳು ಹುಟ್ಟುವುದರಿಂದ ಪ್ರವಾಹ ಕುಗ್ಗುತ್ತದೆ. ಆದ್ದರಿಂದ ಸದಾ ಹೆಚ್ಚಿನ ಸುತ್ತುಗಳಲ್ಲಿ ಓಡುವ ಪಂದ್ಯದ ಕಾರುಗಳಲ್ಲಿ ದೊಡ್ಡ ಪುಲ್ಲಿ ಹಾಕಿ ಪಂಪನ್ನು ನಿಧಾನಗೊಳಿಸುವುದುಂಟು. ಅದೇ ಪುಲ್ಲಿ ಊರಿನ ಸಂಚಾರದಟ್ಟಣೆಯಲ್ಲಿ ಎಂಜಿನ್ ಕಾಯಲು ಕಾರಣವಾಗುತ್ತದೆ. ವಿದ್ಯುತ್ ಪಂಪು ಈ ಸಮಸ್ಯೆಯನ್ನು ಸುತ್ತುಗಳಿಂದ ಬೇರ್ಪಡಿಸುತ್ತದೆ.

ಟರ್ಬೊ ಇರುವ ಕಾರುಗಳಲ್ಲಿ ಇಂಟರ್‌ಕೂಲರ್ ಬಹುಪಾಲು ರೇಡಿಯೇಟರಿನ ಮುಂದೆಯೇ ಇರುತ್ತದೆ. ದೊಡ್ಡ ಇಂಟರ್‌ಕೂಲರ್ ಎಂಜಿನ್ನಿಗೆ ತಣ್ಣನೆಯ ಗಾಳಿ ಕೊಡುತ್ತದೆ, ಆದರೆ ರೇಡಿಯೇಟರಿಗೆ ಬಿಸಿ ಗಾಳಿಯನ್ನು ದಾಟಿಸುತ್ತದೆ. ಎಸಿಯ ಕಂಡೆನ್ಸರ್ ಕೂಡ ಅದೇ ಸಾಲಿನಲ್ಲಿದೆ. ಸತತ ಭಾರದಲ್ಲಿ ಎಂಜಿನ್ ಆಯಿಲ್‌ನ ಉಷ್ಣತೆ 130 ಡಿಗ್ರಿಯನ್ನು ಮೀರತೊಡಗಿದರೆ ಪ್ರತ್ಯೇಕ ಆಯಿಲ್ ಕೂಲರ್ ಅಗತ್ಯ. ಆಯಿಲ್ ನೀರಿಗಿಂತ ನಿಧಾನವಾಗಿ ಕಾದು ನಿಧಾನವಾಗಿ ತಣಿಯುವುದರಿಂದ ಡ್ಯಾಷ್‌ಬೋರ್ಡಿನ ನೀರಿನ ಮುಳ್ಳು ಸರಿಯಾಗಿದ್ದಾಗಲೂ ಆಯಿಲ್ ಮಿತಿಮೀರಿ ಕಾದಿರಬಹುದು.

ಗೇರ್ ಅನುಪಾತ

ಗೇರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಸುತ್ತುಗಳನ್ನು ತಗ್ಗಿಸಿ ಅದೇ ಪ್ರಮಾಣದಲ್ಲಿ ಟಾರ್ಕ್ ಹೆಚ್ಚಿಸುತ್ತದೆ. ಎಂಜಿನ್ನಿನಿಂದ ಚಕ್ರದವರೆಗಿನ ಒಟ್ಟು ಅನುಪಾತ ಎಂದರೆ ಆಯಾ ಗೇರಿನ ಅನುಪಾತ ಮತ್ತು ಫೈನಲ್ ಡ್ರೈವ್ ಅನುಪಾತಗಳ ಗುಣಲಬ್ಧ. ಕಾರಿನ ವೇಗವನ್ನು ಹೀಗೆ ಲೆಕ್ಕಹಾಕಬಹುದು:

ವೇಗ (ಗಂಟೆಗೆ ಕಿ.ಮೀ.) = 0.377 × ಚಕ್ರದ ತ್ರಿಜ್ಯ (ಮೀಟರ್) × ಎಂಜಿನ್ ಸುತ್ತು (ನಿಮಿಷಕ್ಕೆ) ÷ ಒಟ್ಟು ಅನುಪಾತ

ಉದಾಹರಣೆಗೆ ಚಕ್ರದ ತ್ರಿಜ್ಯ 0.30 ಮೀಟರ್, ಐದನೆಯ ಗೇರ್ 0.80, ಫೈನಲ್ ಡ್ರೈವ್ 4.0 ಇರುವ ಕಾರಿನ ಒಟ್ಟು ಅನುಪಾತ 3.2. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದರ ಎಂಜಿನ್ ನಿಮಿಷಕ್ಕೆ ಸುಮಾರು 2,830 ಸುತ್ತು ತಿರುಗುತ್ತದೆ. ಫೈನಲ್ ಡ್ರೈವನ್ನು 4.5ಕ್ಕೆ ಬದಲಾಯಿಸಿದರೆ ಒಟ್ಟು ಅನುಪಾತ 3.6 ಆಗಿ ಸುತ್ತುಗಳು ಸುಮಾರು 3,180ಕ್ಕೆ ಏರುತ್ತವೆ. ಎಲ್ಲ ಗೇರುಗಳಲ್ಲೂ ಚಕ್ರಕ್ಕೆ ಸಿಗುವ ಟಾರ್ಕ್ ಎಂಟನೆಯ ಒಂದು ಪಾಲು ಹೆಚ್ಚುತ್ತದೆ, ಕಾರು ಚುರುಕಾಗುತ್ತದೆ. ಹೀಗೆ ಅನುಪಾತದ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ‘ಗಿಡ್ಡ ಗೇರಿಂಗ್’ ಎಂದೂ ತಗ್ಗಿಸುವುದಕ್ಕೆ ‘ಉದ್ದ ಗೇರಿಂಗ್’ ಎಂದೂ ಹೇಳುವುದು ವಾಡಿಕೆ. ಟಯರಿನ ಗಾತ್ರ ಬದಲಾಯಿಸುವುದೂ ಗೇರಿಂಗ್ ಬದಲಾವಣೆಯೇ. ದೊಡ್ಡ ಅಲಾಯ್ ಚಕ್ರಗಳನ್ನು ಅಂದಕ್ಕಾಗಿ ಹಾಕಿಸಿದವರು ಅರಿವಿಲ್ಲದೆಯೇ ಕಾರಿನ ಗೇರಿಂಗ್ ಉದ್ದಮಾಡಿರುತ್ತಾರೆ.

ಪಂದ್ಯದ ಕಾರುಗಳಿಗೆ ಗೇರುಗಳ ನಡುವಣ ಅಂತರವೂ ಮುಖ್ಯ. ಮೊದಲನೆಯ ಗೇರ್ 3.5, ಎರಡನೆಯದು 1.9 ಇರುವ ಸಾಮಾನ್ಯ ಕಾರಿನಲ್ಲಿ 6,500 ಸುತ್ತುಗಳಲ್ಲಿ ಗೇರ್ ಬದಲಾಯಿಸಿದಾಗ ಎಂಜಿನ್ ಸುಮಾರು 3,500 ಸುತ್ತುಗಳಿಗೆ ಬೀಳುತ್ತದೆ. ಮೊದಲನೆಯ ಗೇರನ್ನು 2.9ಕ್ಕೆ ತಂದರೆ ಬೀಳುವುದು ಸುಮಾರು 4,260ಕ್ಕೆ. ನಾಲ್ಕು ಸಾವಿರದ ಮೇಲಷ್ಟೇ ಬಲ ಬರುವಂತೆ ಮಾರ್ಪಡಿಸಿದ ಎಂಜಿನ್ನಿಗೆ ಈ ವ್ಯತ್ಯಾಸ ನಿರ್ಣಾಯಕ. ಇದಕ್ಕೆ ‘ಕ್ಲೋಸ್ ರೇಶಿಯೊ’ ಗೇರ್‌ಬಾಕ್ಸ್ ಎನ್ನುತ್ತಾರೆ. ಆದರೆ ಮೊದಲನೆಯ ಗೇರ್ ಉದ್ದವಾದುದರಿಂದ ಏರಿನಲ್ಲಿ ನಿಂತ ಕಾರನ್ನು ಎತ್ತುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸಬೇಕಾಗುತ್ತದೆ. ಅಷ್ಟೂ ಶಕ್ತಿ ಕ್ಲಚ್ ಪ್ಲೇಟಿನಲ್ಲಿ ಉಷ್ಣವಾಗುತ್ತದೆ, ಅದಕ್ಕೆ ಯಾವ ರೇಡಿಯೇಟರೂ ಇಲ್ಲ.

ಪಂದ್ಯಕ್ಕಾಗಿ ಬಳಸುವ ನೇರ ಹಲ್ಲಿನ ಗೇರುಗಳು ಅಕ್ಷದ ದಿಕ್ಕಿನಲ್ಲಿ ಒತ್ತುವುದಿಲ್ಲವಾದ್ದರಿಂದ ಬೇರಿಂಗುಗಳ ಮೇಲಿನ ಹೊರೆ ಕಡಿಮೆ. ಆದರೆ ಅವುಗಳ ಕಿರುಚು ಸದ್ದು ರಸ್ತೆ ಕಾರಿನಲ್ಲಿ ಅಸಹನೀಯ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ದ್ರವದ ಜಾರುವಿಕೆಯಿಂದ ಹುಟ್ಟುವ ಉಷ್ಣವನ್ನು ಅನೇಕ ಮಾದರಿಗಳಲ್ಲಿ ಎಂಜಿನ್ನಿನ ಶೀತಲೀಕರಣ ವ್ಯವಸ್ಥೆಯೇ ಹೊರಹಾಕುತ್ತದೆ. ಅಂಥ ಕಾರಿನಲ್ಲಿ ಗೇರ್‌ಬಾಕ್ಸಿನ ಮೇಲಿನ ಒತ್ತಡ ನೇರವಾಗಿ ಕೂಲೆಂಟಿನ ಉಷ್ಣತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತ್ಯೇಕ ಗೇರ್‌ಬಾಕ್ಸ್ ಆಯಿಲ್ ಕೂಲರ್ ಅಳವಡಿಸುವುದು ಇದಕ್ಕೆ ಪರಿಹಾರ.

ಬಯಲು ಮತ್ತು ಘಾಟಿ: ಹಾನಗಲ್ ಸೀಮೆಯ ಉದಾಹರಣೆ

ಶೀತಲೀಕರಣ ಮತ್ತು ಗೇರಿಂಗ್‌ಗಳ ಪರಸ್ಪರ ಸಂಬಂಧವನ್ನು ವಿವರಿಸಲು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸೀಮೆ ಅನುಕೂಲಕರ. ಬಯಲುಸೀಮೆ ಮತ್ತು ಮಲೆನಾಡುಗಳು ಇಲ್ಲಿ ಸಂಧಿಸುತ್ತವೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48, ಮೊದಲಿನ ರಾಷ್ಟ್ರೀಯ ಹೆದ್ದಾರಿ 4, ಶಿಗ್ಗಾಂವಿ ಮತ್ತು ಬಂಕಾಪುರಗಳ ಮೂಲಕ ಹಾವೇರಿಯತ್ತ ಹೋಗುತ್ತದೆ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಶಿರಸಿ, ಅಲ್ಲಿಂದ ಮುಂದೆ ದೇವಿಮನೆ ಘಾಟಿಯನ್ನು ಇಳಿದು ಕುಮಟಾ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಅಂಕೋಲಾಕ್ಕೆ ಹೋಗುವ ದಾರಿಯಲ್ಲಿ ಅರಬೈಲ್ ಘಾಟಿ ಇದೆ. ಒಂದೇ ದಿನದ ಪ್ರಯಾಣದಲ್ಲಿ ಕಾರು ಸಮತಟ್ಟಾದ ಹೆದ್ದಾರಿ ಮತ್ತು ಕಡಿದಾದ ತಿರುವುಗಳೆರಡನ್ನೂ ಎದುರಿಸಬೇಕಾಗುತ್ತದೆ.

1,300 ಕಿಲೋಗ್ರಾಂ ತೂಕದ ಸಾಮಾನ್ಯ ಆಕಾರದ ಕಾರನ್ನು ಪರಿಗಣಿಸಿ ಲೆಕ್ಕ ಹಾಕಿದರೆ, ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಚಕ್ರಗಳಲ್ಲಿ ಸುಮಾರು 12 ಕಿಲೋವ್ಯಾಟ್ ಸಾಕು. ಅದರಲ್ಲಿ ಏಳೂವರೆ ಗಾಳಿಯ ತಡೆಗೆ, ಉಳಿದದ್ದು ಟಯರುಗಳ ಉರುಳುತಡೆಗೆ. ಅದೇ ಕಾರು ನೂರಕ್ಕೆ ಎಂಟರ ಏರನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 14 ಕಿಲೋವ್ಯಾಟ್ ಬೇಕು. ಹೊರಹಾಕಬೇಕಾದ ಉಷ್ಣ ಹೆದ್ದಾರಿಗಿಂತ ಹೆಚ್ಚು, ರೇಡಿಯೇಟರಿಗೆ ಎದುರಾಗುವ ಗಾಳಿ ಅದರ ಅರ್ಧಕ್ಕಿಂತಲೂ ಕಡಿಮೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸರಾಗವಾಗಿ ಓಡಿದ ಕಾರು ಘಾಟಿಯ ಮಧ್ಯದಲ್ಲಿ ಬಾನೆಟ್ ಎತ್ತಿ ನಿಲ್ಲುವುದಕ್ಕೆ ಇದೇ ಕಾರಣ.

ಇಲ್ಲಿ ಗೇರಿನ ಪಾತ್ರ ಸ್ಪಷ್ಟವಾಗುತ್ತದೆ. ಮೇಲಿನ ಉದಾಹರಣೆಯ ಕಾರಿನಲ್ಲಿ ಮೂರನೆಯ ಗೇರ್ 1.3 ಇದ್ದರೆ 40 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 1,840 ಸುತ್ತು ತಿರುಗುತ್ತದೆ. ಎರಡನೆಯ ಗೇರಿಗೆ, ಅಂದರೆ 1.9ಕ್ಕೆ, ಇಳಿಸಿದರೆ ಸುಮಾರು 2,690. ಏರು ಹತ್ತಲು ಬೇಕಾದ ಶಕ್ತಿ ಎರಡೂ ಸಂದರ್ಭಗಳಲ್ಲಿ ಒಂದೇ. ಎರಡನೆಯ ಗೇರಿನಲ್ಲಿ ನೀರಿನ ಪಂಪು ಸುಮಾರು ಒಂದೂವರೆ ಪಟ್ಟು ವೇಗವಾಗಿ ತಿರುಗುತ್ತದೆ, ಪ್ರತಿ ಹೊಡೆತದಲ್ಲಿ ಸಿಲಿಂಡರಿನ ಒತ್ತಡ ಕಡಿಮೆಯಾಗಿ ನಾಕಿಂಗ್ ಸಾಧ್ಯತೆಯೂ ತಗ್ಗುತ್ತದೆ. ಘರ್ಷಣೆ ಸ್ವಲ್ಪ ಹೆಚ್ಚುವುದರಿಂದ ಇಂಧನ ತುಸು ಹೆಚ್ಚು ಖರ್ಚಾಗುತ್ತದೆ. ಲಾರಿ ಮತ್ತು ಬಸ್ಸುಗಳ ಅನುಭವಿ ಚಾಲಕರು ಘಾಟಿಯ ಬುಡದಲ್ಲೇ ಗೇರ್ ಇಳಿಸುವ ಪದ್ಧತಿಗೆ ಹೀಗೆ ಶಾಸ್ತ್ರೀಯ ಆಧಾರವಿದೆ.

ಉದ್ದ ಗೇರಿಂಗ್ ಮಾಡಿಸಿಕೊಂಡ ಕಾರಿನಲ್ಲಿ ಈ ಅನುಕೂಲ ತಪ್ಪಿಹೋಗುತ್ತದೆ. ಹೆದ್ದಾರಿಯ ಮೈಲೇಜಿಗಾಗಿ ಅಥವಾ ಗರಿಷ್ಠ ವೇಗಕ್ಕಾಗಿ ಫೈನಲ್ ಡ್ರೈವ್ ತಗ್ಗಿಸಿದರೆ ಘಾಟಿಯಲ್ಲಿ ಎರಡನೆಯ ಗೇರು ಸೊರಗುತ್ತದೆ, ಮೊದಲನೆಯದು ಕಿರುಚುತ್ತದೆ. ವಿಭಜಕವಿರುವ ನಾಲ್ಕು ಪಥದ ರಸ್ತೆಗಳಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಆಗಿರುವಾಗ 200 ಕಿ.ಮೀ. ವೇಗಕ್ಕೆ ಗೇರಿಂಗ್ ಹೊಂದಿಸುವುದು ರಸ್ತೆ ಕಾರಿಗೆ ನಿರರ್ಥಕ. ಗಿಡ್ಡ ಗೇರಿಂಗ್ ಘಾಟಿಗೆ ಒಳ್ಳೆಯದು, ಆದರೆ ಹೆದ್ದಾರಿಯಲ್ಲಿ ಸದ್ದು, ಇಂಧನ ಮತ್ತು ಆಯಿಲ್‌ನ ಉಷ್ಣತೆಗಳನ್ನು ಹೆಚ್ಚಿಸುತ್ತದೆ.

ಹವೆ ಮತ್ತು ನೆಲದ ವಿಶೇಷಗಳೂ ಲೆಕ್ಕಕ್ಕೆ ಬರುತ್ತವೆ. ಹೊರಗಿನ ಗಾಳಿ 35ರಿಂದ 40 ಡಿಗ್ರಿಗೆ ಏರಿದರೆ, 95 ಡಿಗ್ರಿಯ ಕೂಲೆಂಟಿಗೂ ಗಾಳಿಗೂ ಇರುವ ಅಂತರ 60ರಿಂದ 55ಕ್ಕೆ ಇಳಿದು ರೇಡಿಯೇಟರಿನ ಸಾಮರ್ಥ್ಯ ನೂರಕ್ಕೆ ಎಂಟರಷ್ಟು ಕುಗ್ಗುತ್ತದೆ. ಬೋರ್‌ವೆಲ್‌ನ ಗಡುಸು ನೀರನ್ನು ರೇಡಿಯೇಟರಿಗೆ ಸುರಿಯುವುದು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ಅದರ ಲವಣಗಳು ಹೆಡ್ಡಿನ ಬಿಸಿ ಭಾಗಗಳಲ್ಲಿ ಹಂಡೆಯ ತಳದಂತೆ ಗಟ್ಟಿ ಪದರಗಟ್ಟಿ ಉಷ್ಣವನ್ನು ತಡೆಯುತ್ತವೆ. ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕೆಂದು ತಯಾರಕರು ಸೂಚಿಸುವುದು ಇದೇ ಕಾರಣಕ್ಕೆ. ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಫಸಲಿನ ಹೊಟ್ಟು ಮತ್ತು ಮೆಕ್ಕೆಜೋಳದ ರವದಿ ರೇಡಿಯೇಟರಿನ ರೆಕ್ಕೆಗಳಲ್ಲಿ ಸಿಕ್ಕಿ ಗಾಳಿಯನ್ನು ಕಟ್ಟುತ್ತವೆ. ತಳದಲ್ಲಿ ಸುತ್ತಿಕೊಂಡ ಒಣಹುಲ್ಲು ಬಿಸಿ ಸೈಲೆನ್ಸರಿಗೆ ತಗುಲಿ ವಾಹನಗಳಿಗೆ ಬೆಂಕಿ ಹತ್ತಿದ ಘಟನೆಗಳು ರಾಜ್ಯದಲ್ಲಿ ವರದಿಯಾಗಿವೆ. ಕಾರನ್ನು ತಗ್ಗಿಸಿ ಮುಂಭಾಗದ ಗಾಳಿಯ ಹಾದಿಗಳನ್ನು ಹಿರಿದು ಮಾಡಿದ ಮಾರ್ಪಾಡಿನ ಕಾರುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ರೇಡಿಯೇಟರನ್ನು ಹಿಂಬದಿಯಿಂದ ಮುಂದಕ್ಕೆ, ಗಾಳಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಹಗುರ ಒತ್ತಡದಲ್ಲಿ ಊದಿ ಶುಚಿಮಾಡಬೇಕು. ಜೋರು ಒತ್ತಡ ತೆಳು ರೆಕ್ಕೆಗಳನ್ನು ಮಡಚಿಬಿಡುತ್ತದೆ.

ಕರ್ನಾಟಕದ ಪಂದ್ಯದ ಕಾರುಗಳಲ್ಲಿ

ಈ ಲೆಕ್ಕಗಳನ್ನು ವಿದ್ಯಾರ್ಥಿಗಳು ಕೈಯಾರೆ ಕಲಿಯುವ ಪ್ರಮುಖ ವೇದಿಕೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ ಅಶ್ವ ರೇಸಿಂಗ್ ಮತ್ತು ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡಗಳು ಇಂಥ ಕಾರುಗಳನ್ನು ಸ್ವತಃ ವಿನ್ಯಾಸಗೊಳಿಸಿ ಕಟ್ಟಿವೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಈ ಬಗೆಯ ಭಾರತೀಯ ಸ್ಪರ್ಧೆ.

ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮೋಟಾರ್‌ಸೈಕಲ್ ಎಂಜಿನ್ ಇರುತ್ತದೆ. ನಿಯಮಗಳು ಎಂಜಿನ್ ಗಾತ್ರವನ್ನು 710 ಸಿಸಿಗೆ ಸೀಮಿತಗೊಳಿಸಿ, ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ 20 ಮಿಲಿಮೀಟರ್ ವ್ಯಾಸದ ಕಂಠವನ್ನು ಕಡ್ಡಾಯಗೊಳಿಸಿವೆ. ಬೈಕಿನಲ್ಲಿ ತೆರೆದ ಗಾಳಿಗೆ ಒಡ್ಡಿದ್ದ ರೇಡಿಯೇಟರ್ ಕಾರಿನಲ್ಲಿ ಪಕ್ಕದ ಕವಚದೊಳಗೆ ಅಡಗುತ್ತದೆ, ಎಳೆಯಬೇಕಾದ ತೂಕ ಹೆಚ್ಚುತ್ತದೆ. ನೀರಿನಿಂದ ತಣಿಯುವ ಎಂಜಿನ್ನಿಗೆ ಸಾದಾ ನೀರನ್ನು ಮಾತ್ರ ಬಳಸಬೇಕು. ಗ್ಲೈಕಾಲ್ ಪಂದ್ಯಪಥದ ಮೇಲೆ ಚೆಲ್ಲಿದರೆ ಜಾರುತ್ತದೆ ಮತ್ತು ತೊಳೆಯುವುದು ಕಷ್ಟ. ಹೀಗಾಗಿ ಕುದಿಬಿಂದುವಿನ ಹೆಚ್ಚುವರಿ ರಕ್ಷಣೆ ಇಲ್ಲದೆಯೇ ತಂಡಗಳು ರೇಡಿಯೇಟರ್ ಗಾತ್ರವನ್ನು ನಿರ್ಧರಿಸಬೇಕಾಗುತ್ತದೆ. ಉಕ್ಕಿದ ನೀರನ್ನು ಹಿಡಿಯಲು ಪ್ರತ್ಯೇಕ ಡಬ್ಬಿಯೂ ಕಡ್ಡಾಯ.

ಗೇರಿಂಗ್ ಬದಲಾವಣೆ ಇಲ್ಲಿ ಸರಳ. ಮೋಟಾರ್‌ಸೈಕಲ್ಲಿನ ಗೇರ್‌ಬಾಕ್ಸನ್ನು ಹಾಗೆಯೇ ಇಟ್ಟುಕೊಂಡು, ಸರಪಳಿ ಓಡುವ ಸ್ಪ್ರಾಕೆಟ್‌ಗಳ ಹಲ್ಲುಗಳ ಸಂಖ್ಯೆಯನ್ನು ಬದಲಾಯಿಸಿದರೆ ಫೈನಲ್ ಡ್ರೈವ್ ಬದಲಾಗುತ್ತದೆ. ಮುಂದೆ 12 ಹಲ್ಲು, ಹಿಂದೆ 36 ಹಲ್ಲು ಇದ್ದರೆ ಅನುಪಾತ 3.0. ಹಿಂದಿನದನ್ನು 40 ಹಲ್ಲಿಗೆ ಏರಿಸಿದರೆ 3.33. ವೇಗೋತ್ಕರ್ಷದ ಪರೀಕ್ಷೆಯ ದೂರ ಕೇವಲ 75 ಮೀಟರ್. ಅಷ್ಟರೊಳಗೆ ಒಂದು ಗೇರ್ ಬದಲಾವಣೆ ಉಳಿಸಿದರೂ ಲಾಭ. ಸುಮಾರು 22 ಕಿ.ಮೀ. ದೂರದ ಸಹಿಷ್ಣುತಾ ಓಟದಲ್ಲಿ ಲೆಕ್ಕ ಬೇರೆ. ಮಧ್ಯದಲ್ಲಿ ಚಾಲಕರು ಬದಲಾಗುವಾಗ ಎಂಜಿನ್ ನಿಲ್ಲಿಸಬೇಕು. ಎಂಜಿನ್ ನಿಂತೊಡನೆ ಪಂಪು ನಿಲ್ಲುತ್ತದೆ, ಹೆಡ್ಡಿನಲ್ಲಿ ಉಳಿದ ಉಷ್ಣ ಅಲ್ಲಿಯೇ ನಿಂತ ನೀರನ್ನು ಕಾಯಿಸುತ್ತದೆ. ಅದುವರೆಗೆ ಚೆನ್ನಾಗಿ ಓಡಿದ ಕಾರು ಮತ್ತೆ ಚಾಲೂ ಆಗದೆ ವರ್ಷದ ದುಡಿಮೆ ಅಲ್ಲಿಗೇ ನಿಲ್ಲುವುದುಂಟು. ವಿದ್ಯುತ್ ಪಂಪು ಅಳವಡಿಸಿಕೊಂಡ ತಂಡಗಳಿಗೆ ಈ ತೊಂದರೆ ಕಡಿಮೆ.

ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ನಡೆಯುವ ರ‍್ಯಾಲಿಗಳಲ್ಲಿ ವೇಗ ಕಡಿಮೆ, ಭಾರ ಹೆಚ್ಚು, ಮುಂದಿನ ಕಾರಿನ ಧೂಳು ಅಥವಾ ಕೆಸರು ಸದಾ ರೇಡಿಯೇಟರಿನ ಮೇಲೆ. ಇಲ್ಲಿ ಗಿಡ್ಡ ಫೈನಲ್ ಡ್ರೈವ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮತ್ತು ರೇಡಿಯೇಟರಿಗೆ ಕಲ್ಲು ತಡೆಯುವ ಜಾಲರಿ ವಾಡಿಕೆ.

ಅತ್ಯುನ್ನತ ಮಟ್ಟದಲ್ಲಿ, ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಫಾರ್ಮುಲಾ ಒನ್‌ನಲ್ಲಿ ಸ್ಪರ್ಧಿಸಿತು. ತಂಡದ ಕಾರ್ಯಾಗಾರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿತ್ತು. 2008ರಲ್ಲಿ ಫೆರಾರಿ ಎಂಜಿನ್ ಬಳಸಿದ್ದ ತಂಡ 2009ಕ್ಕೆ ಮರ್ಸಿಡಿಸ್ ಎಂಜಿನ್ ಮತ್ತು ಮೆಕ್‌ಲಾರೆನ್ ಗೇರ್‌ಬಾಕ್ಸಿಗೆ ಬದಲಾಯಿತು. ಎಂಜಿನ್ ಬದಲಾದಾಗ ರೇಡಿಯೇಟರ್‌ಗಳ ಗಾತ್ರ ಮತ್ತು ಪಕ್ಕದ ಕವಚಗಳ ಆಕಾರವನ್ನು ಹೊಸದಾಗಿ ನಿರ್ಧರಿಸಬೇಕಾಗುತ್ತದೆ. 2013ರವರೆಗೆ ತಂಡಗಳು ಪ್ರತಿ ಪಂದ್ಯಪಥಕ್ಕೆ ತಕ್ಕ ಗೇರ್ ಅನುಪಾತಗಳನ್ನು ಆರಿಸಿಕೊಳ್ಳಬಹುದಿತ್ತು. ಮೊನಾಕೊದ ಇಕ್ಕಟ್ಟಾದ ಬೀದಿಗಳಿಗೆ ಗಿಡ್ಡ, ಮೊಂಜಾದ ಉದ್ದನೆಯ ನೇರ ಪಥಕ್ಕೆ ಉದ್ದ. 2014ರಿಂದ ಎಂಟು ಗೇರುಗಳ ಅನುಪಾತಗಳನ್ನು ಋತುವಿನ ಆರಂಭದಲ್ಲೇ ಘೋಷಿಸಬೇಕೆಂಬ ನಿಯಮ ಬಂದಿತು. ಆ ಮೊದಲ ವರ್ಷ ಮಾತ್ರ ಒಮ್ಮೆ ಬದಲಾಯಿಸಲು ಅವಕಾಶವಿತ್ತು. ಶೀತಲೀಕರಣದ ಹೊಂದಾಣಿಕೆ ಪಂದ್ಯದಿಂದ ಪಂದ್ಯಕ್ಕೆ ಮುಂದುವರಿದಿದೆ. ಬಿಸಿ ಪ್ರದೇಶಗಳಲ್ಲಿ ತಂಡಗಳು ಕವಚದ ಹಿಂಬದಿಯ ತೆರಪುಗಳನ್ನು ದೊಡ್ಡದಾಗಿಸುತ್ತವೆ, ಅದಕ್ಕೆ ಗಾಳಿತಡೆ ಹೆಚ್ಚುವ ಬೆಲೆ ತೆರುತ್ತವೆ.

ಕಾನೂನು

ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನದ ಮಾರ್ಪಾಡಿಗೆ ಭಾರತದಲ್ಲಿ ಕಟ್ಟುನಿಟ್ಟಿನ ಮಿತಿಗಳಿವೆ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮಿನ ಬಿಗಿಯಾದ ಅರ್ಥವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸವೆದ ರೇಡಿಯೇಟರನ್ನು ಬದಲಿಸುವುದು, ಮುಚ್ಚಳ, ಹೋಸ್, ಕೂಲೆಂಟ್ ಬದಲಿಸುವುದು ನಿರ್ವಹಣೆಯ ಭಾಗ. ಎಂಜಿನ್ನನ್ನೇ ಬದಲಾಯಿಸುವುದು ಅಥವಾ ದೇಹದ ರಚನೆಯನ್ನು ಕತ್ತರಿಸುವುದು ಬೇರೆ ಮಾತು. ಫೈನಲ್ ಡ್ರೈವ್ ಅಥವಾ ಟಯರ್ ಗಾತ್ರ ಬದಲಾದ ಅನೇಕ ಕಾರುಗಳಲ್ಲಿ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುತ್ತದೆ. ಮಾರ್ಪಾಡನ್ನು ತಿಳಿಸದಿದ್ದರೆ ಅಪಘಾತದ ನಂತರ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಪಂದ್ಯಕ್ಕಾಗಿಯೇ ಸಿದ್ಧಪಡಿಸಿದ ಕಾರುಗಳು ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ನಿಯಮಗಳಿಗೆ ಒಳಪಡುತ್ತವೆ.

ವಿದ್ಯುತ್ ಕಾರುಗಳಲ್ಲಿ

ವಿದ್ಯುತ್ ಮೋಟಾರ್ ಶೂನ್ಯ ಸುತ್ತಿನಿಂದಲೇ ಟಾರ್ಕ್ ನೀಡುವುದರಿಂದ ಬಹುತೇಕ ವಿದ್ಯುತ್ ಕಾರುಗಳಲ್ಲಿ ಒಂದೇ ಸ್ಥಿರ ಅನುಪಾತವಿರುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲೂ ಚಾಲಕರು ಬದಲಾಯಿಸಬೇಕಾದ ಗೇರುಗಳಿರಲಿಲ್ಲ. ಮೋಟಾರಿನ ದಕ್ಷತೆ ಹೆಚ್ಚಾದ ಕಾರಣ ಹೊರಹಾಕಬೇಕಾದ ಉಷ್ಣ ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಕಡಿಮೆ. ಆದರೆ ಲಿಥಿಯಂ ಬ್ಯಾಟರಿಯನ್ನು ಸುಮಾರು 40 ಡಿಗ್ರಿಯ ಒಳಗೆ ಇಡುವುದು ಅಪೇಕ್ಷಣೀಯ. ಹೊರಗಿನ ಗಾಳಿಯೇ 40 ಡಿಗ್ರಿ ಇರುವಾಗ ಸಾದಾ ರೇಡಿಯೇಟರ್ ಈ ಕೆಲಸ ಮಾಡಲಾರದು. ಆದ್ದರಿಂದ ಇಂದಿನ ಅನೇಕ ವಿದ್ಯುತ್ ಕಾರುಗಳು ಬ್ಯಾಟರಿಯ ಕೂಲೆಂಟನ್ನು ಎಸಿಯ ಶೈತ್ಯಚಕ್ರದ ಮೂಲಕ ತಣಿಸುತ್ತವೆ.